ಸದ್ದಿಗೆ ಕಿವಿ ಒಗ್ಗುವ ಮುನ್ನ

ಬೀದರ್ ನಗರ ಕೂತಿರುವುದು ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಅಲ್ಲಿಂದ ಇಳಿದು, ಮಾಂಜ್ರಾ ನದಿ ದಾಟಿ ಔರಾದ್ ಕಡೆ ಹೊರಟರೆ ನೆಲದ ಬಣ್ಣವೇ ಬೇರೆ. ಔರಾದ್, ಎಕಂಬಾ, ಆಚೆ ಭಾಲ್ಕಿ ಸೀಮೆಯ ಬಹುಪಾಲು ಕಪ್ಪು ಎರೆಭೂಮಿ. ತೊಗರಿ, ಕಡಲೆ, ಸೋಯಾಬೀನಿಗೆ ಹೇಳಿ ಮಾಡಿಸಿದ ಈ ಮಣ್ಣು ರಸ್ತೆಗೆ ಮಾತ್ರ ವೈರಿ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮೇಲೆ ಹಾಸಿದ ಡಾಂಬರು ಅದರ ಜೊತೆಗೇ ಏರಬೇಕು, ಇಳಿಯಬೇಕು. ವರ್ಷ ಕಳೆಯುವುದರೊಳಗೆ ರಸ್ತೆಯಲ್ಲಿ ಅಲೆ ಏಳುತ್ತದೆ, ಅಂಚು ಮುರಿದು ಗೇಣುದ್ದ ತಗ್ಗು ಬೀಳುತ್ತದೆ. ಸುಗ್ಗಿ ಬಂತೆಂದರೆ ಕಬ್ಬು ಹೇರಿದ ಟ್ರ್ಯಾಕ್ಟರ್ ಟ್ರೇಲರುಗಳು ಇದ್ದ ಗಾಲಿಗುಂಡಿಗಳನ್ನು ಇನ್ನಷ್ಟು ಆಳ ಮಾಡುತ್ತವೆ.

ಇಂಥ ದಾರಿಯಲ್ಲಿ ದಿನಾ ಓಡುವ ಕಾರಿನಲ್ಲಿ ಎಂಜಿನ್ ಅಷ್ಟು ಬೇಗ ಸೋಲುವುದಿಲ್ಲ. ಮೊದಲು ಸೋಲುವುದು ಚಕ್ರಕ್ಕೂ ಚಾಸಿಗೂ ನಡುವೆ, ಚಕ್ರಕ್ಕೂ ಸ್ಟೇರಿಂಗಿಗೂ ನಡುವೆ ಇರುವ ಚಿಕ್ಕ ಚಿಕ್ಕ ಕೀಲುಗಳು, ರಬ್ಬರ್ ಬುಷ್‌ಗಳು, ಶಾಕ್ ಅಬ್ಸಾರ್ಬರುಗಳು. ಅವು ಒಂದೇ ದಿನಕ್ಕೆ ಕೆಡುವುದಿಲ್ಲ. ತಿಂಗಳುಗಟ್ಟಲೆ ಸವೆಯುತ್ತವೆ, ಅಷ್ಟೂ ದಿನ ಸದ್ದು ಮಾಡಿ ಹೇಳುತ್ತಲೇ ಇರುತ್ತವೆ. ತೊಂದರೆ ಇರುವುದು ಕೇಳುವವರ ಕಿವಿಯಲ್ಲಿ. ಸದ್ದು ಇಷ್ಟಿಷ್ಟೇ ಹೆಚ್ಚುವುದರಿಂದ ದಿನಾ ಓಡಿಸುವವರಿಗೆ ಅದು ಗಾಡಿಯ ಸಹಜ ಗುಣ ಎನಿಸಿಬಿಡುತ್ತದೆ. ಗ್ಯಾರೇಜುಗಳಲ್ಲಿ ಈ ಮಾತು ಸಾಮಾನ್ಯ. ಮಾಲೀಕರು, “ಮೊದಲಿಂದ ಹಿಂಗೇ ಅದರಿ, ಏನೂ ಆಗಿಲ್ಲ” ಎನ್ನುತ್ತಾರೆ. ಚಕ್ರ ಅಲ್ಲಾಡಿಸಿ ನೋಡಿದ ಮಿಸ್ತ್ರಿ, “ಮೊದಲಿಂದ ಹಿಂಗ ಇದ್ದಿಲ್ರಿ ಕಾಕಾ, ನಿಮಗ ರೂಢಿ ಆಗ್ಯಾದ” ಎನ್ನುತ್ತಾರೆ. ಮಿಸ್ತ್ರಿಯ ಮಾತೇ ನಿಜ. ಅಪರೂಪಕ್ಕೆ ನಿಮ್ಮ ಗಾಡಿ ಹತ್ತಿದ ಅಳಿಯನೋ ತಮ್ಮನೋ “ಇದೇನು ಸದ್ದು?” ಎಂದರೆ ಸಿಟ್ಟಾಗಬೇಡಿ. ನಿಮಗೆ ಕೇಳದೇ ಹೋದದ್ದು ಅವರಿಗೆ ಕೇಳಿರುತ್ತದೆ.

ಎಲ್ಲ ಸದ್ದೂ ಒಂದೇ ತೂಕದ್ದಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಕೆಲವು ಸದ್ದುಗಳು ಕಿರಿಕಿರಿಯಷ್ಟೇ, ಮುಂದಿನ ಸಂತೆಗೆ ಬೀದರ್‌ಗೆ ಹೋದಾಗ ತೋರಿಸಿದರೂ ನಡೆಯುತ್ತದೆ. ಕೆಲವು ಸದ್ದು ಬಂದ ಮೇಲೆ ಗಾಡಿ ಅಂಗಳ ಬಿಟ್ಟು ಹೊರಡಬಾರದು. ಜಾಕ್, ಲಿಫ್ಟ್, ಚಕ್ರದ ಓರೆ ತಿದ್ದುವ ಅಲೈನ್‌ಮೆಂಟ್ ಯಂತ್ರ ಎಲ್ಲ ಇರುವ ಗ್ಯಾರೇಜು ಎಕಂಬಾದಂಥ ಹಳ್ಳಿಯ ಮನೆಬಾಗಿಲಲ್ಲಿ ಇರುವುದಿಲ್ಲ. ಔರಾದ್‌ಗೋ ಬೀದರ್‌ಗೋ ರಾಜ್ಯದ ಗಡಿಯಾಚೆಯ ಊರಿಗೋ ಹೋಗಬೇಕು. ಅಷ್ಟು ದೂರ ಈ ಗಾಡಿಯಲ್ಲೇ ಹೋಗಬಹುದೋ ಬೇಡವೋ ಎಂದು ತೀರ್ಮಾನಿಸುವಷ್ಟು ತಿಳಿವಳಿಕೆ ಮಾಲೀಕರಿಗೇ ಇರಬೇಕು.

ಮುಂದಿನ ಚಕ್ರ ಎರಡು ಕೆಲಸಗಳನ್ನು ಒಟ್ಟಿಗೆ ಮಾಡುತ್ತದೆ. ತಗ್ಗಿಗೆ ಇಳಿದು ದಿಣ್ಣೆಗೆ ಏರಬೇಕು. ಅದೇ ಹೊತ್ತಿಗೆ ಎಡಕ್ಕೂ ಬಲಕ್ಕೂ ತಿರುಗಬೇಕು. ಇವೆರಡೂ ಸಾಧ್ಯವಾಗುವುದು ಬಾಲ್ ಜಾಯಿಂಟಿನಿಂದ. ಚಾಸಿಯಿಂದ ಚಕ್ರದತ್ತ ಚಾಚಿದ ಲೋವರ್ ಆರ್ಮ್‌ನ ತುದಿಯಲ್ಲಿ ಒಂದು ಬಟ್ಟಲು, ಅದರೊಳಗೆ ನುಣುಪಾದ ಉಕ್ಕಿನ ಗುಂಡು, ಗುಂಡಿನಿಂದ ಹೊರಟ ಮೊಳೆಯಂಥ ದಂಡ ಚಕ್ರ ಹಿಡಿದಿರುವ ನಕಲ್‌ಗೆ ಬಿಗಿದಿರುತ್ತದೆ. ನಮ್ಮ ಭುಜದ ಕೀಲು ಹೇಗೆ ಎಲ್ಲ ದಿಕ್ಕಿಗೂ ತಿರುಗುತ್ತದೋ ಹಾಗೇ ಇದೂ. ಗುಂಡಿನ ಸುತ್ತ ಗ್ರೀಸು, ಗ್ರೀಸು ಸೋರದಂತೆ, ಹೊರಗಿನ ಧೂಳು ಒಳಬರದಂತೆ ರಬ್ಬರಿನ ಬೂಟು. ಸ್ಟೇರಿಂಗ್ ಬಾಕ್ಸಿನಿಂದ ಬರುವ ಟೈ ರಾಡ್ ಎಂಡ್‌ನಲ್ಲೂ ಇಂಥದ್ದೇ ಗುಂಡು, ಸ್ವಲ್ಪ ಚಿಕ್ಕದು.

ಹಳೆಯ ಅಂಬಾಸಿಡರ್ ಓಡಿಸಿದವರಿಗೆ ಗ್ರೀಸ್ ನಿಪ್ಪಲ್ ನೆನಪಿರುತ್ತದೆ. ಸರ್ವಿಸಿಗೆ ಬಿಟ್ಟಾಗಲೆಲ್ಲ ಮಿಸ್ತ್ರಿ ಗ್ರೀಸ್ ಗನ್ ಹಿಡಿದು ಹೊಸ ಗ್ರೀಸು ಒತ್ತಿ, ಹಳೆಯ ಕೊಳೆ ಗ್ರೀಸನ್ನು ಹೊರಗೆ ತಳ್ಳುತ್ತಿದ್ದರು. 2014ರಲ್ಲಿ ಅಂಬಾಸಿಡರ್ ತಯಾರಿಕೆಯೇ ನಿಂತಿತು. 1983ರಲ್ಲಿ ಬಂದ ಮಾರುತಿ 800ರಿಂದ ಇಂದಿನ ಸ್ವಿಫ್ಟ್, ವ್ಯಾಗನ್ಆರ್‌ಗಳವರೆಗೆ ಸಣ್ಣ ಕಾರುಗಳ ಮುಂದಿನ ಚಕ್ರಕ್ಕೆ ಮ್ಯಾಕ್‌ಫರ್ಸನ್ ಸ್ಟ್ರಟ್ ಬಂತು. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ ಈ ವಿನ್ಯಾಸದಲ್ಲಿ ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಒಂದೇ ಕಂಬದಲ್ಲಿ ಸೇರಿಕೊಂಡವು. ಈಗಿನ ಕಾರುಗಳ ಬಾಲ್ ಜಾಯಿಂಟುಗಳು ಬಹುಪಾಲು ಕಾರ್ಖಾನೆಯಲ್ಲೇ ಗ್ರೀಸು ತುಂಬಿ ಮುಚ್ಚಿ ಬಂದಂಥವು. ಹೊರಗಿನಿಂದ ಗ್ರೀಸು ಹಾಕಲು ದಾರಿಯೇ ಇಲ್ಲ. ಅಂದರೆ ಆ ಪುಟ್ಟ ರಬ್ಬರ್ ಬೂಟು ಇರುವವರೆಗೆ ಜಾಯಿಂಟಿನ ಆಯಸ್ಸು. ಮೇ ತಿಂಗಳ ಬಿಸಿಲಿಗೆ ರಬ್ಬರು ಸೀಳಿತೆನ್ನಿ. ಜೂನಿನ ಮಳೆಗೆ ಎರೆಮಣ್ಣಿನ ಕೆಸರು ಒಳಗೆ ಹೋಗುತ್ತದೆ, ಮರಳಿನ ಕಣ ಗ್ರೀಸಿಗೆ ಬೆರೆತು ಅರೆಯತೊಡಗುತ್ತದೆ. ದೀಪಾವಳಿ ಹೊತ್ತಿಗೆ ಬಟ್ಟಲಿನಲ್ಲಿ ಗುಂಡು ಲೊಡಲೊಡ ಆಡುತ್ತಿರುತ್ತದೆ.

ಹಾಗಾಗಿ ಪರೀಕ್ಷೆ ಶುರುವಾಗಬೇಕಾದ್ದು ಕಣ್ಣಿನಿಂದ. ಸ್ಟೇರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ ನಿಲ್ಲಿಸಿ, ಚಕ್ರದ ಹಿಂದೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಬೂಟು ಒಣಗಿ ಧೂಳು ಹಿಡಿದಿದ್ದರೆ ಚಿಂತೆಯಿಲ್ಲ. ಅದರ ಸುತ್ತ ಕಪ್ಪು ಜಿಡ್ಡು ಮೆತ್ತಿಕೊಂಡು ಅದಕ್ಕೆ ಮಣ್ಣು ಅಂಟಿದ್ದರೆ ಬೂಟು ಹರಿದಿದೆ ಎಂದೇ ಅರ್ಥ. ಸೀಳು ಕಾಣಿಸದಿದ್ದರೂ ಜಿಡ್ಡು ಸುಳ್ಳು ಹೇಳುವುದಿಲ್ಲ. ಅಲ್ಲೇ ಸ್ಟ್ರಟ್ಟಿನ ಕೊಳವೆಯನ್ನೂ ನೋಡಿ. ಮೇಲ್ಭಾಗದಲ್ಲಿ ತೆಳ್ಳಗೆ ಎಣ್ಣೆಯ ಪಸೆ ಇದ್ದರೆ ಪರವಾಗಿಲ್ಲ. ಎಣ್ಣೆ ಹರಿದು ಕೆಳಗಿನವರೆಗೆ ಒದ್ದೆಯಾಗಿ ಮಣ್ಣು ಕಟ್ಟಿದ್ದರೆ ಆ ಶಾಕ್ ಅಬ್ಸಾರ್ಬರು ಮುಗಿದಂತೆ. ಬಾನೆಟ್ ಮೂಲೆ ಒತ್ತಿ ಬಿಟ್ಟು ಗಾಡಿ ಎಷ್ಟು ಸಲ ಕುಣಿಯುತ್ತದೆ ಎಂದು ನೋಡುವ ಹಳೆಯ ಕ್ರಮವೂ ಇದೆ. ಒಮ್ಮೆ ಎದ್ದು ಕೂತರೆ ಸರಿ, ಎರಡು ಮೂರು ಸಲ ತೊನೆದರೆ ಹೋಗಿದೆ. ಆದರೆ ಪೂರ್ತಿ ಸತ್ತ ಶಾಕ್ ಮಾತ್ರ ಈ ಪರೀಕ್ಷೆಗೆ ಸಿಕ್ಕಿಬೀಳುತ್ತದೆ. ಅರ್ಧ ಸೋತದ್ದು ತಪ್ಪಿಸಿಕೊಳ್ಳುತ್ತದೆ, ಅದನ್ನೊಂದೇ ನಂಬಿ ಕೂರಬಾರದು.

ಇನ್ನು ಕಿವಿ. ಸದ್ದು ಯಾವಾಗ ಬರುತ್ತದೆ ಎಂಬುದೇ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಸುಳಿವು. ನಿಧಾನವಾಗಿ ಹೋಗುವಾಗ ಒಂದು ಚಕ್ರ ಮಾತ್ರ ತಗ್ಗಿಗೆ ಬಿದ್ದಾಗ ಟಕ್ ಟಕ್ ಎಂದು, ಎರಡೂ ಚಕ್ರ ಒಟ್ಟಿಗೆ ಹಂಪ್ ಹತ್ತಿದಾಗ ಸುಮ್ಮನಾಗುತ್ತದೆಯೇ? ಬಹುಮಟ್ಟಿಗೆ ಅದು ಲಿಂಕ್ ರಾಡ್. ಎಡ ಬಲ ಚಕ್ರಗಳನ್ನು ಜೋಡಿಸುವ ಸ್ಟೆಬಿಲೈಸರ್ ಬಾರ್‌ನ ತುದಿಯ ಸಣ್ಣ ಕಡ್ಡಿ ಅದು. ಎರಡೂ ಚಕ್ರ ಸಮನಾಗಿ ಏರಿದರೆ ಆ ಬಾರ್‌ಗೆ ಕೆಲಸವೇ ಇರುವುದಿಲ್ಲ, ಅದಕ್ಕೇ ಹಂಪ್ ಮೇಲೆ ಮೌನ. ಕೆಟ್ಟರೆ ತಿರುವಿನಲ್ಲಿ ಗಾಡಿ ಸ್ವಲ್ಪ ಹೆಚ್ಚು ವಾಲುತ್ತದೆ. ಈ ಭಾಗ ಅಗ್ಗ, ಬದಲಿಸುವುದೂ ಸುಲಭ, ಕೆಲವು ದಿನ ತಡೆದರೂ ನಡೆಯುತ್ತದೆ.

ಬ್ರೇಕ್ ಒತ್ತಿದಾಗ ಒಮ್ಮೆ, ಬಿಟ್ಟು ಹೊರಟಾಗ ಇನ್ನೊಮ್ಮೆ ‘ಧಡ್’ ಎಂದರೆ ಲೋವರ್ ಆರ್ಮ್‌ನ ಬುಷ್ ಕಡೆ ನೋಡಬೇಕು. ಹರಿದ ರಬ್ಬರಿನಲ್ಲಿ ಆರ್ಮ್ ಹಿಂದೆ ಮುಂದೆ ಸರಿಯುತ್ತಿರುತ್ತದೆ, ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆ ಎಳೆಯಲೂಬಹುದು. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಸ್ಪ್ರಿಂಗಿನಿಂದ ‘ಟಣ್’ ಎಂಬ ಸದ್ದು ಬಂದು ಕೈಗೆ ಜಗ್ಗಿದಂತಾದರೆ ಸ್ಟ್ರಟ್ಟಿನ ತಲೆಯಲ್ಲಿರುವ ಮೌಂಟಿನ ಬೇರಿಂಗ್ ಹಿಡಿದಿದೆ. ಪೂರ್ತಿ ತಿರುಗಿಸಿಕೊಂಡು ಮುಂದೆ ಹೋಗುವಾಗ ಕಟಕಟ ಎನ್ನುವುದು ಸಸ್ಪೆನ್ಷನ್ ಅಲ್ಲ, ಆಕ್ಸಲ್ ಜಾಯಿಂಟು. ವೇಗದ ಜೊತೆ ಏರುವ ಗುಂಯ್ ಸದ್ದು ವೀಲ್ ಬೇರಿಂಗಿನದು. ಸ್ಟೇರಿಂಗ್ ಎಡಕ್ಕೆ ಎಳೆದಾಗ ಭಾರ ಬಲಗಡೆಗೆ ಹೋಗುತ್ತದೆ, ಆಗ ಗುಂಯ್‌ಗುಟ್ಟುವುದು ಹೆಚ್ಚಾದರೆ ಬಲಗಡೆಯ ಬೇರಿಂಗನ್ನು ಅನುಮಾನಿಸಬೇಕು. ಇವೆಲ್ಲ ಸೂಚನೆಗಳೇ ಹೊರತು ತೀರ್ಪಲ್ಲ. ಕಬ್ಬಿಣದೊಳಗೆ ಸದ್ದು ಓಡಾಡುತ್ತದೆ, ಎಡಗಡೆಯದು ಬಲಗಡೆಯದೆಂದು ಕೇಳುವುದೂ ಉಂಟು.

ಬಾಲ್ ಜಾಯಿಂಟು, ಟೈ ರಾಡ್ ಎಂಡ್‌ಗಳ ವಿಚಾರ ಬೇರೆ. ಇವು ಸವೆದಾಗ ಸದ್ದು ಅಷ್ಟು ಜೋರಾಗಿ ಇರದೇ ಇರಬಹುದು, ಪರಿಣಾಮ ಮಾತ್ರ ದೊಡ್ಡದು. ಗುಂಡು ಬಟ್ಟಲಿನಿಂದ ಕಳಚಿದರೆ ಚಕ್ರ ಹೊರಕ್ಕೆ ಮಡಚಿ ಗಾಡಿಯ ಮೂಗು ನೆಲಕ್ಕೆ ಬೀಳುತ್ತದೆ. ಟೈ ರಾಡ್ ಕಳಚಿದರೆ ಆ ಚಕ್ರಕ್ಕೂ ಸ್ಟೇರಿಂಗಿಗೂ ಸಂಬಂಧವೇ ಇರುವುದಿಲ್ಲ. ಇವನ್ನು ಸದ್ದಿನಿಂದಲ್ಲ, ಕೈಯಿಂದಲೇ ಹಿಡಿಯಬೇಕು.

ಗಟ್ಟಿ ನೆಲದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಮುಂದಿನ ಒಂದು ಚಕ್ರ ಎತ್ತಿ. ಎರೆನೆಲದಲ್ಲಿ ಜಾಕ್ ಹೂತುಹೋಗುತ್ತದೆ. ಕೆಳಗೆ ಅಗಲವಾದ ಹಲಗೆಯನ್ನೋ ಶಹಾಬಾದ್ ಕಲ್ಲಿನ ತುಂಡನ್ನೋ ಇಡದೆ ಎತ್ತಲೇಬಾರದು. ಜಾಕ್ ಒಂದನ್ನೇ ನಂಬಿ ಗಾಡಿಯ ಕೆಳಗೆ ತಲೆ ಹಾಕಬಾರದು. ಈಗ ಚಕ್ರದ ಎದುರು ಕೂತು ಒಂದು ಕೈ ನೆತ್ತಿಗೆ, ಒಂದು ಕೈ ಬುಡಕ್ಕೆ ಹಿಡಿದು ಒಂದನ್ನು ಎಳೆದು ಇನ್ನೊಂದನ್ನು ತಳ್ಳಿ. ಗಟ್ಟಿ ಇದ್ದರೆ ಗಾಡಿಯೇ ಅಲ್ಲಾಡುತ್ತದೆ, ಚಕ್ರದಲ್ಲಿ ಪ್ಲೇ, ಅಂದರೆ ಸಡಿಲದ ಆಟ, ಇರುವುದಿಲ್ಲ. ಲೊಟಕ್ ಎಂದು ಅಂಗೈಗೆ ತಟ್ಟಿದರೆ ಬೇರಿಂಗೋ ಬಾಲ್ ಜಾಯಿಂಟೋ ಸಡಿಲ. ಯಾವುದು ಎಂದು ತಿಳಿಯಲು ಒಬ್ಬರನ್ನು ಒಳಗೆ ಕೂರಿಸಿ ಬ್ರೇಕ್ ಒತ್ತಿಸಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಚಕ್ರ ಕೂತಿರುವ ಹಬ್ಬೂ ನಕಲೂ ಒಂದಾಗಿ ಬಿಗಿದುಕೊಳ್ಳುತ್ತವೆ. ಆಗ ಪ್ಲೇ ಮಾಯವಾದರೆ ಬೇರಿಂಗ್, ಉಳಿದರೆ ಬಾಲ್ ಜಾಯಿಂಟು.

ನಂತರ ಕೈಗಳನ್ನು ಎಡ ಬಲ ಅಂಚಿಗೆ ತಂದು ಹಾಗೇ ಅಲ್ಲಾಡಿಸಿ. ಮೇಲೆ ಕೆಳಗೆ ಗಟ್ಟಿ ಇದ್ದು ಅಡ್ಡಕ್ಕೆ ಮಾತ್ರ ಆಡಿದರೆ ಟೈ ರಾಡ್ ಎಂಡೋ ಸ್ಟೇರಿಂಗ್ ಬಾಕ್ಸಿನ ಕಡೆಗಿರುವ ಒಳಗಿನ ರ‍್ಯಾಕ್ ಎಂಡೋ ಸವೆದಿದೆ. ಇದನ್ನು ಖಚಿತ ಮಾಡಿಕೊಳ್ಳಲು ಚಕ್ರ ನೆಲಕ್ಕಿಳಿಸಿ, ಗಾಡಿಯ ಪೂರ್ತಿ ಭಾರ ಟೈರಿನ ಮೇಲಿರುವಾಗ, ಒಬ್ಬರು ಸ್ಟೇರಿಂಗನ್ನು ಎಡ ಬಲ ಎರಡೆರಡು ಬೆರಳಿನಷ್ಟು ಆಡಿಸಬೇಕು. ಇನ್ನೊಬ್ಬರು ಪಕ್ಕದಿಂದ ಕೈ ಚಾಚಿ ಜಾಯಿಂಟನ್ನು ಹಿಡಿದಿರಬೇಕು. ಟೈ ರಾಡ್ ಸರಿದ ಮೇಲೆ ಚಕ್ರ ಹೊರಡುವುದಕ್ಕೆ ಒಂದು ಕ್ಷಣ ತಡವಾದರೆ ಆ ತಡ ಬೆರಳಿಗೆ ಗೊತ್ತಾಗುತ್ತದೆ. ಎಷ್ಟೋ ಸಲ ಕಣ್ಣಿಗೆ ಕಾಣದ ಸಡಿಲ ಹೀಗೆ ಬೆರಳಿಗೆ ಸಿಗುತ್ತದೆ.

ಕಾನೂನು ಕೂಡ ಈ ಬಗ್ಗೆ ಮಾತಾಡಿದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 98ನೇ ನಿಯಮದಂತೆ ಸ್ಟೇರಿಂಗಿನ ಪ್ಲೇ 30 ಡಿಗ್ರಿ ಮೀರಬಾರದು, ಬಾಲ್ ಜಾಯಿಂಟುಗಳಿಗೆ ರಬ್ಬರ್ ಮುಚ್ಚಳ ಇರಲೇಬೇಕು, ಬೋಲ್ಟು ಪಿನ್ನುಗಳು ಬಿಚ್ಚದಂತೆ ಲಾಕ್ ಆಗಿರಬೇಕು. ಆದರೆ 38 ಸೆಂ.ಮೀ. ಅಗಲದ ಸ್ಟೇರಿಂಗಿನಲ್ಲಿ 30 ಡಿಗ್ರಿ ಎಂದರೆ ಅಂಚಿನಲ್ಲಿ ಸುಮಾರು 10 ಸೆಂ.ಮೀ. ಆಯಿತು. ಲಾರಿ, ಹಳೆಯ ಜೀಪುಗಳನ್ನೂ ಸೇರಿಸಿಕೊಂಡ ಮಿತಿ ಅದು. ಇಂದಿನ ಕಾರಿನಲ್ಲಿ ಎರಡು ಬೆರಳಗಲಕ್ಕಿಂತ ಹೆಚ್ಚು ಪ್ಲೇ ಕಂಡರೆ ಕಾನೂನಿಗಾಗಿ ಕಾಯದೆ ತೋರಿಸಿಬಿಡುವುದೇ ಸರಿ. ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷ ನಡೆಯುತ್ತದೆ. ಅಷ್ಟು ಕಾಲ ಅದರ ಕೀಲುಗಳನ್ನು ನೋಡಲು ಸರ್ಕಾರದ ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ.

ಬೊಲೆರೊ, ಟಾಟಾ ಏಸ್‌ಗಳ ಮಾತು ಸ್ವಲ್ಪ ಬೇರೆ. ಈ ಸೀಮೆಯಲ್ಲಿ ಅವೇ ಹೆಚ್ಚು. ಬೊಲೆರೊದ ಹಿಂದೆ, ಏಸ್‌ನ ಹಿಂದೆ ಮುಂದೆ ಕಮಾನ್ ಪಟ್ಟಿಗಳಿವೆ. ತೊಗರಿ ಚೀಲ ಅಳತೆ ಮೀರಿ ಹೇರಿದರೆ ಪಟ್ಟಿ ಚಪ್ಪಟೆಯಾಗುತ್ತದೆ ಇಲ್ಲವೇ ಬಿರಿಯುತ್ತದೆ. ಖಾಲಿ ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ ಹಿಂದಿನಿಂದ ನೋಡಿ. ಒಂದು ಮಗ್ಗುಲು ಕುಸಿದಿದ್ದರೆ, ಪಟ್ಟಿಗಳ ಸಾಲಿನಲ್ಲಿ ಒಂದು ಸರಿದು ಹೊರಬಂದಿದ್ದರೆ, ಆಕ್ಸಲನ್ನು ಪಟ್ಟಿಗೆ ಬಿಗಿದಿರುವ ಯು-ಬೋಲ್ಟಿನ ಬಳಿ ಉಜ್ಜಿ ಹೊಳೆಯುವ ಹೊಸ ಗೆರೆ ಕಂಡರೆ ಆಕ್ಸಲ್ ಸರಿಯುತ್ತಿದೆ ಎಂದು ತಿಳಿಯಿರಿ.

ಟೈರು ಇವೆಲ್ಲದರ ದಾಖಲೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ನಡುವೆ ಸವೆದಿದ್ದರೆ ಗಾಳಿ ಹೆಚ್ಚು. ಇದು ಬಹಳ ಜನರಿಗೆ ಗೊತ್ತು. ಒಳಗಿನ ಅಂಚೊಂದೇ ಬೋಳಾಗಿರುವುದನ್ನು ಮಾತ್ರ ಯಾರೂ ನೋಡುವುದಿಲ್ಲ, ಏಕೆಂದರೆ ಅದು ನಿಂತು ನೋಡಿದರೆ ಕಾಣುವುದೇ ಇಲ್ಲ. ಅಂಗೈಯನ್ನು ಟೈರಿನ ಮೇಲೆ ಹೊರಗಿನಿಂದ ಒಳಕ್ಕೆ, ಮತ್ತೆ ಒಳಗಿನಿಂದ ಹೊರಕ್ಕೆ ಸವರಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದಕ್ಕೆ ಗರಗಸದಂತೆ ಚುಚ್ಚಿದರೆ ಚಕ್ರ ನೇರ ಉರುಳದೆ ಓರೆಯಾಗಿ ಉಜ್ಜಿಕೊಂಡು ಹೋಗುತ್ತಿದೆ. ಒಂದು ಡಿಗ್ರಿ ಓರೆಯಾದರೂ ಪ್ರತಿ ಕಿಲೋಮೀಟರಿಗೆ ಸುಮಾರು 17 ಮೀಟರಿನಷ್ಟು ಅಡ್ಡ ಉಜ್ಜಾಟ. ಹೊಸ ಟೈರು ಒಂದೇ ವರ್ಷದಲ್ಲಿ ಬೋಳಾಗುವುದು ಹೀಗೆಯೇ. ಟೈರಿನ ಸುತ್ತ ಅಲ್ಲಲ್ಲಿ ಗುಳಿ ಬಿದ್ದಂತೆ ಸವೆದಿದ್ದರೆ ಶಾಕ್ ಸೋತು ಚಕ್ರ ರಸ್ತೆಯ ಮೇಲೆ ಪುಟಿಯುತ್ತಿದೆ. ಗಾಡಿ ಒಂದು ಕಡೆ ಎಳೆಯುತ್ತಿದ್ದರೆ ಮೊದಲು ಗಾಳಿ ನೋಡಿ. ಎಷ್ಟೋ ದೂರುಗಳು ಅಲ್ಲಿಗೇ ಮುಗಿಯುತ್ತವೆ.

ಜನ ಹೆಚ್ಚು ದುಡ್ಡು ಕಳೆದುಕೊಳ್ಳುವುದು ಇಲ್ಲಿಯೇ. ಗಾಡಿ ಎಳೆಯುತ್ತದೆ ಎಂದ ಕೂಡಲೇ ಅಲೈನ್‌ಮೆಂಟ್ ಮಾಡಿಸುತ್ತಾರೆ. ಜಾಯಿಂಟು ಸಡಿಲ ಇರುವಾಗ ಮಾಡಿದ ಅಲೈನ್‌ಮೆಂಟಿಗೆ ಅರ್ಥವಿಲ್ಲ. ಯಂತ್ರದ ಪರದೆಯಲ್ಲಿ ಹಸಿರು ಅಂಕಿ ಬರುತ್ತದೆ, ಗಾಡಿ ಹೊರಗೆ ಬಂದು ಮೊದಲ ತಗ್ಗಿಗೆ ಬಿದ್ದಾಗ ಆ ಅಂಕಿ ಬದಲಾಗುತ್ತದೆ. ಮೊದಲು ಸಡಿಲ ಹುಡುಕಬೇಕು, ಕೆಟ್ಟ ಭಾಗ ಬದಲಿಸಬೇಕು, ಕಡೆಗೆ ಅಲೈನ್‌ಮೆಂಟ್. ಟೈ ರಾಡ್ ಎಂಡ್ ಬದಲಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು. ಇದಕ್ಕೆ ವಿರುದ್ಧವಾದ ನಷ್ಟವೂ ಇದೆ. ಸದ್ದು ಎಲ್ಲಿಂದ ಎಂದು ಹುಡುಕುವ ಬದಲು “ಮುಂದಿಂದು ಪೂರಾ ಸೆಟ್ ಹಾಕೋಣ್ರಿ” ಎನ್ನುವ ಗ್ಯಾರೇಜುಗಳಿವೆ. ಚಕ್ರ ಎತ್ತಿ ಪ್ಲೇ ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ. ಒಳ್ಳೆಯ ಮಿಸ್ತ್ರಿ ನಿಮ್ಮ ಕೈಯನ್ನೇ ಜಾಯಿಂಟಿನ ಮೇಲೆ ಇಡಿಸಿ ತೋರಿಸುತ್ತಾರೆ. ಶಾಕ್ ಅಬ್ಸಾರ್ಬರನ್ನು ಮಾತ್ರ ಎಡ ಬಲ ಜೋಡಿಯಾಗಿ ಬದಲಿಸುವುದು ಸರಿ. ಒಂದು ಹೊಸದು ಒಂದು ಹಳೆಯದು ಇದ್ದರೆ ಬ್ರೇಕಿನಲ್ಲೂ ತಿರುವಿನಲ್ಲೂ ಗಾಡಿ ಸಮನಾಗಿ ವರ್ತಿಸುವುದಿಲ್ಲ.

ಕೆಲಸ ನಡೆಯುವಾಗ ಎದುರು ನಿಂತಿದ್ದರೆ ಎರಡು ಸಂಗತಿ ಗಮನಿಸಿ. ಜಾಯಿಂಟಿನ ಲಾಕ್ ನಟ್ಟು ಅಥವಾ ಸ್ಪ್ಲಿಟ್ ಪಿನ್ ಹೊಸದೇ ಆಗಿರಬೇಕು, ಬಿಚ್ಚಿದ್ದನ್ನೇ ಮತ್ತೆ ಹಾಕಬಾರದು. ಎರಡನೆಯದು ಬುಷ್‌ಗೆ ಸಂಬಂಧಿಸಿದ್ದು, ಪಳಗಿದ ಕೈಗಳೂ ಇಲ್ಲಿ ತಪ್ಪುತ್ತವೆ. ಲೋವರ್ ಆರ್ಮ್ ಹಾಕಿ ಚಕ್ರ ಗಾಳಿಯಲ್ಲಿ ಜೋತಾಡುತ್ತಿರುವಾಗಲೇ ಬೋಲ್ಟನ್ನು ಪೂರ್ತಿ ಬಿಗಿದುಬಿಡುತ್ತಾರೆ. ಆರ್ಮ್ ಕೆಳಗೆ ಜೋತಿರುವ ಸ್ಥಿತಿಯಲ್ಲಿ ಬಿಗಿದ ರಬ್ಬರು, ಗಾಡಿ ನೆಲಕ್ಕಿಳಿದು ಆರ್ಮ್ ಮೇಲಕ್ಕೆ ಬಂದಾಗ ತಿರುಚಿಕೊಳ್ಳುತ್ತದೆ. ಆ ತಿರುಚು ಹಗಲೂ ರಾತ್ರಿ ಹಾಗೇ ಇರುತ್ತದೆ. ಬಹಳ ವರ್ಷ ಬಾಳಬೇಕಾದ ಬುಷ್ಷು ಬೇಗ ಹರಿಯುತ್ತದೆ, ಮಾಲೀಕರು ಮಾಲು ಡೂಪ್ಲಿಕೇಟ್ ಎಂದು ಅಂಗಡಿಯವರನ್ನು ಬೈಯುತ್ತಾರೆ. ಜಾಕ್ ಮೇಲಿರುವಾಗ ಬೋಲ್ಟನ್ನು ಅರೆಬಿಗಿ ಮಾಡಿ, ಚಕ್ರ ನೆಲ ಮುಟ್ಟಿ ಭಾರ ಕೂತ ಮೇಲೆ ಕೊನೆಯ ಬಿಗಿ ಕೊಡಬೇಕು. ಐದು ನಿಮಿಷದ ಕೆಲಸ, ವಿನಯದಿಂದ ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ.

ರಸ್ತೆಯದ್ದೂ ಪಾಲಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. 25 ಕಿ.ಮೀ. ವೇಗದಲ್ಲಿ ಮೆತ್ತಗೆ ದಾಟುವಂಥದ್ದು. ಊರಿನವರು ಮಕ್ಕಳ ಜೀವದ ಭಯಕ್ಕೆ ಶಾಲೆಯ ಮುಂದೆ ತಾವೇ ಹಾಕಿಸುವ ಹಂಪ್ ಅರ್ಧ ಮೀಟರಿನಲ್ಲೇ ಗೇಣೆತ್ತರ ಏರುತ್ತದೆ. ಅವರ ಭಯ ನ್ಯಾಯವಾದದ್ದು, ಹಂಪಿನ ಆಕಾರ ಮಾತ್ರ ತಪ್ಪು. ಇಂಥಲ್ಲಿ ಹತ್ತುವ ಮುಂಚೆಯೇ ಬ್ರೇಕ್ ಮುಗಿಸಿ, ಪೆಡಲಿನಿಂದ ಕಾಲು ತೆಗೆದು ಎರಡೂ ಚಕ್ರವನ್ನು ಸಮನಾಗಿ ಹತ್ತಿಸಿ. ಬ್ರೇಕ್ ಒತ್ತಿಕೊಂಡೇ ಹತ್ತಿದರೆ ಗಾಡಿಯ ಮೂಗು ತಗ್ಗಿ ಸ್ಪ್ರಿಂಗು ಮೊದಲೇ ಕುಗ್ಗಿರುತ್ತದೆ, ಉಳಿದ ಪೆಟ್ಟೆಲ್ಲ ಜಾಯಿಂಟಿಗೂ ಬುಷ್ಷಿಗೂ.

ಕೈಗೆ ತಟ್ಟಿದ ಪ್ಲೇ ಬಾಲ್ ಜಾಯಿಂಟಿನದೋ ಟೈ ರಾಡಿನದೋ ಎಂದು ಖಚಿತವಾದರೆ, ನಿಧಾನವಾಗಿ ಓಡಿಸಿಕೊಂಡು ಬೀದರ್ ಮುಟ್ಟುತ್ತೇನೆ ಎನ್ನಬೇಡಿ. ಕಳಚುವ ಜಾಯಿಂಟು ವೇಗ ನೋಡಿ ಕಳಚುವುದಿಲ್ಲ, ಇಪ್ಪತ್ತರ ವೇಗದಲ್ಲಿ ತಿರುವಿನ ತಗ್ಗೊಂದೇ ಸಾಕು. ಅಂಥ ಗಾಡಿಯನ್ನು ಹಗ್ಗ ಕಟ್ಟಿ ಟ್ರ್ಯಾಕ್ಟರಿನಿಂದ ಎಳೆಸುವುದೂ ತಪ್ಪು, ಅದೇ ಚಕ್ರ ಉರುಳಲೇಬೇಕಲ್ಲ. ಮುಂದಿನ ಚಕ್ರ ಎತ್ತಿ ಒಯ್ಯುವ ಕ್ರೇನ್ ತರಿಸಿ, ಇಲ್ಲವೇ ಔರಾದ್‌ನಿಂದ ಮಿಸ್ತ್ರಿಯನ್ನೇ ಕರೆಸಿ. ಗಾಡಿಯ ಮಾಡೆಲ್ಲು, ವರ್ಷ, ಎಡವೋ ಬಲವೋ ಎಂಬುದನ್ನು ಫೋನಿನಲ್ಲಿ ಸರಿಯಾಗಿ ಹೇಳಿದರೆ ಬರುವಾಗಲೇ ಜಾಯಿಂಟು ತಂದು, ಅಂಗಳದಲ್ಲೇ ಹಾಕಿ ಹೋಗುತ್ತಾರೆ. ಅಲೈನ್‌ಮೆಂಟಿಗೆ ಬೀದರ್‌ಗೆ ಆಮೇಲೆ ಹೋದರಾಯಿತು.